ಮನೆಗೆ ಬೆಂಕಿ ಇಟ್ಟವನಿಗೆ ಎಷ್ಟು ವರ್ಷ?

ವಾಸದ ಮನೆಗೆ ಬೆಂಕಿ ಇಟ್ಟವನಿಗೆ ಜೀವಾವಧಿ, ಇಲ್ಲವೇ ಹತ್ತು ವರ್ಷದವರೆಗಿನ ಸಜೆ ಮತ್ತು ದಂಡ ಎನ್ನುತ್ತದೆ ಭಾರತದ ಕಾನೂನು. ಹಿಂದೆ ಇದು ಐಪಿಸಿ 436 ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 326(ಜಿ). ಕನಿಷ್ಠ ಶಿಕ್ಷೆ ಇಷ್ಟು ಎಂದಿಲ್ಲ. ಎರಡು ವರ್ಷ ಕೊಟ್ಟರೂ ಕಾನೂನಿನೊಳಗೇ ಇದೆ, ಜೀವಾವಧಿ ಕೊಟ್ಟರೂ ಕಾನೂನಿನೊಳಗೇ ಇದೆ. ಈ ಎರಡರ ನಡುವೆ ನ್ಯಾಯಾಧೀಶರು ಯಾವ ಲೆಕ್ಕದಲ್ಲಿ ನಡೆಯಬೇಕು ಎಂಬುದು ಎಲ್ಲೂ ಬರೆದಿಲ್ಲ. ನಾನಿರುವ ಇಂಗ್ಲೆಂಡಿನಲ್ಲಿ ಬರೆದಿದೆ. ನಮ್ಮಲ್ಲೂ ಬರೆಯಲೇಬೇಕು ಎಂಬುದು ನನ್ನ ವಾದ.

ಮೊದಲ ತೊಡಕು ಕಲಮಿನಲ್ಲೇ ಇದೆ. ಅದು ನೋಡುವುದು ಕಟ್ಟಡವನ್ನು: ಸಾಮಾನ್ಯವಾಗಿ ವಾಸಕ್ಕೆ ಬಳಸುವ ಮನೆಯೇ ಎಂಬುದನ್ನು. ಬೆಂಕಿ ಬಿದ್ದಾಗ ಒಳಗೆ ಮಕ್ಕಳು ಮಲಗಿದ್ದರೋ, ಮನೆಯವರೆಲ್ಲ ಜಾತ್ರೆಗೆ ಹೋಗಿದ್ದರೋ, ಕಲಮು ಒಂದೇ. ಜೀವದ ಪ್ರಶ್ನೆ ಬರಬೇಕಾದರೆ ಕೊಲೆಯತ್ನದ 109ನೇ ಕಲಮನ್ನು ಪೊಲೀಸರು ಬೇರೆಯಾಗಿ ಹಾಕಬೇಕು, ಕೊಲ್ಲುವ ಉದ್ದೇಶವನ್ನೋ ಸಾವಿನ ಅರಿವನ್ನೋ ಸಾಬೀತುಪಡಿಸಬೇಕು.

ಇಂಗ್ಲೆಂಡಿನ 1971ರ ಕ್ರಿಮಿನಲ್ ಡ್ಯಾಮೇಜ್ ಕಾಯ್ದೆ ಆರೋಪಿಯ ಮನಸ್ಸನ್ನು ನೋಡುತ್ತದೆ. ಜೀವಕ್ಕೆ ಅಪಾಯವಾಗಲಿ ಎಂದೇ ಹಚ್ಚಿದನೋ, ಆದರೆ ಆಗಲಿ ಎಂಬ ಉಡಾಫೆಯಿಂದ ಹಚ್ಚಿದನೋ? ಯಾರಿಗೂ ಗಾಯವಾಗದಿದ್ದರೂ ಅಪರಾಧ ಪೂರ್ಣವೇ. ಗರಿಷ್ಠ ಶಿಕ್ಷೆ ಅಲ್ಲಿಯೂ ಜೀವಾವಧಿ. ಆದರೆ 2019ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಮಾರ್ಗಸೂಚಿ ಹಾದಿಯನ್ನು ಹಂತಹಂತವಾಗಿ ಹೇಳುತ್ತದೆ. ಹಾನಿ ಅತಿ ಗಂಭೀರವಾಗಿದ್ದರೆ, ಅಥವಾ ಅಂಥ ಹಾನಿಯ ಸಂಭವ ಹೆಚ್ಚಿದ್ದರೆ, ಉದ್ದೇಶಪೂರ್ವಕ ಕೃತ್ಯಕ್ಕೆ ಲೆಕ್ಕ ಎಂಟು ವರ್ಷದಿಂದ ಶುರು, ವ್ಯಾಪ್ತಿ ಐದರಿಂದ ಹನ್ನೆರಡು; ಉಡಾಫೆಗೆ ಆರರಿಂದ ಶುರು, ವ್ಯಾಪ್ತಿ ನಾಲ್ಕರಿಂದ ಹತ್ತು. ಆಮೇಲೆ ಏರಿಳಿತ. ಪೆಟ್ರೋಲ್ ಬಳಕೆ, ಸೇಡು, ಹಲವರ ಜೀವಕ್ಕೆ ಅಪಾಯ, ಹಳೆಯ ಶಿಕ್ಷೆ ಇವು ಏರಿಸುತ್ತವೆ. ಪಶ್ಚಾತ್ತಾಪ, ಮಾನಸಿಕ ಕಾಯಿಲೆ ಇಳಿಸುತ್ತವೆ. ಮೊದಲ ವಿಚಾರಣೆಯಲ್ಲೇ ತಪ್ಪೊಪ್ಪಿಕೊಂಡರೆ ಕೊನೆಗೆ ಮೂರನೇ ಒಂದು ಪಾಲು ಕಡಿತ. ಉಡಾಫೆಯ ಆರು ವರ್ಷ ರಾತ್ರಿ ಹೊತ್ತು ಸುರಿದ ಪೆಟ್ರೋಲಿನಿಂದ ಏಳೂವರೆಗೆ ಏರಿದರೆ, ತಪ್ಪೊಪ್ಪಿಗೆಯಿಂದ ಐದಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ನ್ಯಾಯಾಧೀಶರು ತೆರೆದ ಕೋರ್ಟಿನಲ್ಲಿ ಓದಿ ಹೇಳಬೇಕು. ಸುಟ್ಟ ಮನೆಯವರಿಗೂ ಅದು ಅರ್ಥವಾಗುತ್ತದೆ, ಮೇಲ್ಮನವಿ ಕೋರ್ಟಿಗೂ ಎಲ್ಲಿ ತಪ್ಪಾಯಿತೆಂದು ಹಿಡಿಯಲು ಸಿಗುತ್ತದೆ.

ನಮ್ಮಲ್ಲಿ ಶಿಕ್ಷೆಯ ಪ್ರಮಾಣವನ್ನು ಎಷ್ಟೋ ಸಲ ಕಲಮೇ ತೀರ್ಮಾನಿಸಿಬಿಡುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(2)(4)ರಲ್ಲಿ ಪರಿಶಿಷ್ಟರ ಮನೆ ಸುಟ್ಟರೆ ಜೀವಾವಧಿಯೊಂದೇ, ಆಯ್ಕೆಯಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಸಜೆ ಕೊಟ್ಟಿತು. ಆ ಮೂವರೂ ಪರಿಶಿಷ್ಟರೇ ಆಗಿದ್ದರಿಂದ ಅವರಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಕಾಯ್ದೆ ಬೇಕು, ಅದರ ಕಾಠಿಣ್ಯವೂ ಬೇಕು. ಆದರೆ ಗುಂಪಿನಲ್ಲಿ ಕಡ್ಡಿ ಗೀರಿದವನು ಯಾರು, ಹಿಂದೆ ನಿಂತವನು ಯಾರು ಎಂಬ ಭೇದ ಶಿಕ್ಷೆಯಲ್ಲಿ ಕಾಣಲು ಬೇರೆ ಅಳತೆ ಬೇಕಾಗುತ್ತದೆ.

ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳುವುದು ನಮ್ಮಲ್ಲೂ ಕಡ್ಡಾಯ. ಆದರೆ ವಯಸ್ಸಾದ ತಾಯಿ, ಸಣ್ಣ ಮಕ್ಕಳು, ಮನೆಗೆ ಇವನೊಬ್ಬನೇ ದುಡಿಯುವವನು ಎಂಬಲ್ಲಿಗೆ ಅದು ಬೇಗ ಮುಗಿಯುತ್ತದೆ. ಸುಟ್ಟ ಮನೆಯವರು ಕಳೆದುಕೊಂಡದ್ದು ಏನು ಎಂಬ ಪಟ್ಟಿಯೂ ಆಗ ಕಡತದಲ್ಲಿರಬೇಕು. ಶಿಕ್ಷೆಗೆ ಮಾರ್ಗಸೂಚಿ ಬೇಕೆಂದು 2003ರಲ್ಲೇ ಶಿಫಾರಸು ಮಾಡಿದ್ದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ. ಅದನ್ನು ಇಷ್ಟು ವರ್ಷ ಕಪಾಟಿನಲ್ಲಿಟ್ಟದ್ದು ದೊಡ್ಡ ಅನ್ಯಾಯ.

ಮಾರ್ಗಸೂಚಿಯ ಕೆಲಸ ಅಪರಾಧ ಸಾಬೀತಾದ ಮೇಲೆ. 2000ದ ಮಾರ್ಚಿನಲ್ಲಿ ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ದಲಿತರು ಸಜೀವ ದಹನವಾದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಸಾಕ್ಷಿಯ ಬಾಯಿ ಮುಚ್ಚಿಸಬಹುದು, ಸುಟ್ಟ ನೆಲವನ್ನು ಮುಚ್ಚಿಸಲಾಗದು. ಆದರೆ ಬೂದಿ, ಬಟ್ಟೆ, ಮಣ್ಣನ್ನು ಸಾದಾ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಪೆಟ್ರೋಲಿನ ಆವಿ ಸೋರಿಹೋಗಿ ಪ್ರಯೋಗಾಲಯದಲ್ಲಿ ಏನೂ ಸಿಗದೆ ಹೋಗಬಹುದು. ಗಾಳಿಯಾಡದ ತಗಡಿನ ಡಬ್ಬಿಯೋ ಗಾಜಿನ ಜಾಡಿಯೋ ಬೇಕು, ಬೆಂಕಿ ತಾಗದ ಜಾಗದ ಮಣ್ಣೂ ಹೋಲಿಕೆಗೆ ಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 176(3), ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ. ಮನೆ ಸುಟ್ಟ ಪ್ರಕರಣಗಳಿಗೆ ಆ ಗಡುವಿನವರೆಗೆ ಕಾಯಬಾರದು.