ಕಡಿಮೆ ಮಾಡುವ ಮಾತ್ರೆ ಉಂಟಾ?

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಹತ್ತಿರ ಮೆಡಿಕಲ್ ಶಾಪ್ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ರಾತ್ರಿ ಎಂಟೂವರೆ ಕಳೆದು, ನಾನು ಅರ್ಧ ಶಟರ್ ಎಳೆದ ಹೊತ್ತಿಗೆ ಬರುವ ಗಂಡಸರು ಏನು ಕೇಳುತ್ತಾರೆಂದು ನನಗೆ ಬಾಯಿಪಾಠ. ಮೊದಲು ಕೆಮ್ಮಿನ ಮಿಠಾಯಿ ಕೇಳುತ್ತಾರೆ. ಮತ್ತೆ ಆಚೆ ಈಚೆ ನೋಡಿ ಸ್ವರ ಇಳಿಸುತ್ತಾರೆ. ಬೇಕಾದ್ದು ಕಾಮದ ಶಕ್ತಿ 'ಹೆಚ್ಚು' ಮಾಡುವಂಥದ್ದು. ಆ ಲೇಹ್ಯ, ಎಣ್ಣೆಗಳಿಗೇ ಒಂದು ಶೆಲ್ಫ್ ಉಂಟು.

ಎರಡು ವರ್ಷದ ಹಿಂದೆ ಒಬ್ಬ ಬಂದ. ಅಮ್ಮನ ಬಿ.ಪಿ. ಮಾತ್ರೆಗೆ ತಿಂಗಳು ತಿಂಗಳು ಬರುವವನೇ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ.)

“ಅಣ್ಣಾ, ಕಡಿಮೆ ಮಾಡುವ ಮಾತ್ರೆ ಉಂಟಾ?”

“ಶುಗರಾ?”

“ಅಲ್ಲ.” ಆ ಶೆಲ್ಫಿನ ಕಡೆ ನೋಡಿದ. “ಇದು.”

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಅವನು ತಿರುಗಿ ಹೊರಟೇಬಿಟ್ಟಿದ್ದ, ಕೈ ಹಿಡಿದು ಒಳಗೆ ಕರೆದೆ. ರಾತ್ರಿ ಮೂರರ ತನಕ ಫೋನಿನಲ್ಲಿ ಅಶ್ಲೀಲ ವಿಡಿಯೊ. ಕೆಲಸದ ಜಾಗದಲ್ಲೂ ಟಾಯ್ಲೆಟಿಗೆ ಹೋಗಿ ಅದೇ. ಆಮೇಲೆ ಮಂಗಳೂರಿನ ಲಾಡ್ಜುಗಳು, ಹೆಂಡತಿಯ ಎರಡು ಬಳೆ ಅಡವಿಗೆ. ದೇವರ ಮುಂದೆ ಆಣೆ ಹಾಕಿದ್ದು ಎಷ್ಟು ಸಲವೋ. “ಮಜಾ ಹೋಗಿ ವರ್ಷ ಆಯ್ತಣ್ಣ. ಆದ್ರೂ ಕೈ ಅಲ್ಲಿಗೇ ಹೋಗ್ತದೆ.”

ಇಂಥವನಿಗೆ ನಮ್ಮಲ್ಲಿ ಹೆಸರುಗಳಿಗೆ ಬರ ಇಲ್ಲ. ಕಚ್ಚೆಹರುಕ, ಚಪಲಗಾರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ (ಐಸಿಡಿ-11) ಇದಕ್ಕೆ ಬೇರೆಯೇ ಹೆಸರು: ಕಂಪಲ್ಸಿವ್ ಸೆಕ್ಷುವಲ್ ಬಿಹೇವಿಯರ್ ಡಿಸಾರ್ಡರ್. ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಕಾಲ ಕಾಮದ ತುಡಿತ ಹಿಡಿತಕ್ಕೆ ಸಿಗದೆ, ಮನೆ, ಕೆಲಸ, ಆರೋಗ್ಯ ಎಲ್ಲ ಹಾಳಾಗುತ್ತಿದ್ದರೂ, ಸುಖ ಸಿಗದಿದ್ದರೂ ನಿಲ್ಲಿಸಲಾಗದ ಸ್ಥಿತಿ. ಆ ಪಟ್ಟಿ ಇದನ್ನು 'ಅಡಿಕ್ಷನ್' ಗುಂಪಿಗೆ ಸೇರಿಸಿಲ್ಲ, ತುಡಿತ ತಡೆಯಲಾಗದ ಕಾಯಿಲೆಗಳ ಗುಂಪಿನಲ್ಲಿಟ್ಟಿದೆ. ಅಮೆರಿಕದ ಮನೋವೈದ್ಯರಂತೂ 2013ರ ತಮ್ಮ ಪಟ್ಟಿಗೆ ಇಂಥದ್ದೊಂದನ್ನು ಸೇರಿಸಲು ಒಪ್ಪಲೇ ಇಲ್ಲ. ಪಂಡಿತರ ಜಗಳ ಅವರಿಗಿರಲಿ.

ನನಗೆ ಮುಖ್ಯ ಅನಿಸಿದ್ದು ಅದೇ ವಿವರಣೆಯ ಇನ್ನೊಂದು ಮಾತು: ಬರೇ 'ಇದು ಪಾಪ' ಎಂಬ ಸಂಕಟ ಇದ್ದರೆ ಅದು ಈ ಕಾಯಿಲೆ ಅಲ್ಲ. ಡಿಗ್ರಿ ಓದುವ ಹುಡುಗನೊಬ್ಬ ವಾರಕ್ಕೆರಡು ಸಲದ ಹಸ್ತಮೈಥುನಕ್ಕೆ ಹೆದರಿ ಬಡಕಲಾಗಿದ್ದ. ಧಾತು, ಅಂದರೆ ವೀರ್ಯ, ಹೋದರೆ ಜೀವ ಹೋಗುತ್ತದೆಂದು ಯಾರೋ ತಲೆಗೆ ತುಂಬಿದ್ದರು. ಈ ಹೆದರಿಕೆಗೇ ನಮ್ಮ ದೇಶದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಆ ಹುಡುಗನಿಗೆ ಬೇಕಾಗಿದ್ದದ್ದು ಒಂದು ಸರಿಯಾದ ಮಾತು, ಸಿಕ್ಕಿದ್ದು ನಾಲ್ಕು ಸಾವಿರದ ಪುಡಿ.

ಇನ್ನೊಬ್ಬರು ಎಪ್ಪತ್ತು ದಾಟಿದ ಅಜ್ಜ. ಪಾರ್ಕಿನ್ಸನ್ಸ್. ಒಮ್ಮಿಂದೊಮ್ಮೆಗೆ ವರ್ತನೆ ಬದಲಾಗಿ ಮಕ್ಕಳು ಅವರನ್ನು ಹೊರಚಾವಡಿಗೆ ಹಾಕಿದ್ದರು. ಚೀಟಿ ನೋಡಿದರೆ ಪ್ರಾಮಿಪೆಕ್ಸೋಲ್. ಮೆದುಳಿನ ಡೋಪಮೈನ್ ಎಂಬ ರಾಸಾಯನಿಕದಂತೆ ಕೆಲಸ ಮಾಡುವ ಆ ಪಾರ್ಕಿನ್ಸನ್ಸ್ ಮಾತ್ರೆ, ರೋಪಿನಿರೋಲ್ ಕೂಡ, ಕೆಲವರಲ್ಲಿ ಕಾಮದ ತುಡಿತವನ್ನೋ ಜೂಜಿನ ಹುಚ್ಚನ್ನೋ ಎಬ್ಬಿಸುತ್ತದೆ. ನೀವಾಗಿ ನಿಲ್ಲಿಸಬೇಡಿ, ಬರೆದ ಡಾಕ್ಟರಲ್ಲೇ ಹೇಳಿ ಎಂದೆ. ಅವರು ಡೋಸು ಇಳಿಸಿದರು, ಅಜ್ಜ ಒಳಗೆ ಬಂದರು. ಆದರೆ ಸೊಸೆ ಅವರ ಹತ್ತಿರ ಮಾತಾಡುವುದಿಲ್ಲ, ಇವತ್ತಿಗೂ.

ನಮ್ಮವನ ಕತೆಗೆ ಬರುತ್ತೇನೆ. ಮೊದಲು ಹತ್ತಿರದ ಒಂದು ಆಸ್ಪತ್ರೆಗೆ ಹೋದ. ಡಾಕ್ಟರಿಗೆ ಕನ್ನಡ ಬಾರದು. ಇವನ ಮಲಯಾಳ ಮೀನು ಮಾರ್ಕೆಟ್ಟಿಗೆ ಸಾಕಾಗುವಷ್ಟು. ನರ್ಸು ಪಾಪ, ಸಹಾಯಕ್ಕೆಂದೇ, ಹೊರಗೆ ಬಂದು “ಕನ್ನಡ ಬರುವವರು ಯಾರಾದರೂ ಉಂಟಾ” ಎಂದು ಕೂಗಿದರು. ಎದ್ದು ಬಂದದ್ದು ಅವನ ಹೆಂಡತಿಯ ಸೋದರಮಾವ! ತಲೆನೋವು ಎಂದು ಹೇಳಿ ಪ್ಯಾರಸಿಟಮಾಲ್ ಬರೆಸಿಕೊಂಡು ಬಂದ. 1956ರಲ್ಲಿ ರಾಜ್ಯಗಳ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದವರು ಶಾಲೆ, ಕಚೇರಿಗಳ ಭಾಷೆಯ ಬಗ್ಗೆ ಯೋಚಿಸಿದ್ದಿರಬಹುದು. ಇಂಥ ಮಾತನ್ನು ಮನುಷ್ಯ ಯಾವ ಭಾಷೆಯಲ್ಲಿ ಹೇಳುತ್ತಾನೆ? ಹೆಂಡತಿಯ ಹತ್ತಿರ ಜಗಳಾಡುವ ಭಾಷೆಯಲ್ಲೇ.

ಕಡೆಗೆ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದ. ಮಂಗಳೂರಿನ ಮನೋವೈದ್ಯರು ಮೊದಲ ದಿನ ಮಾತ್ರೆಯನ್ನೇ ಕೊಡಲಿಲ್ಲವಂತೆ. ನಿದ್ದೆ, ಕುಡಿತ, ಬೇಸರ, ನಡುವೆ ನಿದ್ದೆಯೇ ಬೇಡ ಎನ್ನುವಂಥ ಅತಿ ಉತ್ಸಾಹದ ದಿನಗಳು ಬಂದಿದ್ದವಾ (ಮನಸ್ಸು ಅತಿಯಾಗಿ ಏರಿ ಇಳಿಯುವ ಬೈಪೋಲಾರ್ ಕಾಯಿಲೆ ಇದ್ದರೆ ದಾರಿಯೇ ಬೇರೆ), ಎಲ್ಲ ಕೇಳಿದರು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸಿದರು. ಮತ್ತೆ ವಾರಕ್ಕೊಮ್ಮೆ ಸಿಬಿಟಿ. ಹಾಗೆಂದರೆ ತುಡಿತ ಯಾವಾಗ ಏಳುತ್ತದೆ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬರೆದಿಟ್ಟು, ಆ ಸರಪಳಿಯನ್ನು ಎಲ್ಲಿ ಕಡಿಯಬಹುದೆಂದು ಹುಡುಕುವುದು. ಅವನು ಬರೆದದ್ದು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಯಾರಿಗೂ ಸಂಶಯ ಬಾರದ ಹಾಗೆ. ಒಂದು ತಿಂಗಳಲ್ಲಿ ಅವನಿಗೇ ಕಂಡಿತು: ಹೆಚ್ಚಿನವು ಅಣ್ಣನ ಜೊತೆ ಜಾಗದ ಪಾಲಿನ ಜಗಳವಾದ ರಾತ್ರಿಗಳು. ಕಾಮಕ್ಕೂ ಅದಕ್ಕೂ ಏನು ಸಂಬಂಧ ಎಂದರೆ ಅದೇ ಸಂಬಂಧ. ಈಗ ಫೋನು ರಾತ್ರಿ ಅಡುಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕ ಮಲಗುತ್ತದೆ.

ಆಮೇಲೆ ಸೆರ್ಟ್ರಾಲಿನ್ ಸೇರಿತು. ಇದಕ್ಕೆಂದೇ ಒಪ್ಪಿಗೆ ಪಡೆದ ಮಾತ್ರೆ ಅಂತ ಇಲ್ಲ. ಖಿನ್ನತೆಗೆ ಕೊಡುವ ಇಂಥವನ್ನು, ಕೆಲವೊಮ್ಮೆ ಕುಡಿತ ಬಿಡಿಸಲು ಕೊಡುವ ನಾಲ್ಟ್ರೆಕ್ಸೋನನ್ನು, ನೋಡಿಕೊಂಡು ಕೊಡುತ್ತಾರೆ. ಸೆರ್ಟ್ರಾಲಿನ್ ತಿನ್ನುವ ಬೇರೆಯವರು 'ಆಸೆಯೇ ಸತ್ತಿತು' ಎಂದು ನನ್ನ ಕೌಂಟರಿನಲ್ಲಿ ದೂರುತ್ತಾರೆ. ಇವನಿಗೆ ಅದೇ ಉಪಕಾರ. ಆಸೆ ಪೂರ್ತಿ ಸಾಯಬೇಕೆಂದು ಡಾಕ್ಟರೂ ಹೇಳಲಿಲ್ಲ.

'ಕಾಯಿಲೆ' ಎಂದಕೂಡಲೇ ಎಲ್ಲ ಮಾಫಿ ಅಂತ ಅಲ್ಲ. ಬೇರೆಯವರ ಮೈಮೇಲೆ ಕೈ ಹಾಕಿದವನು ಇದರ ಹಿಂದೆ ಅಡಗುವುದು ಬೇಡ. ಬಳೆ ಅಡವಿಟ್ಟದ್ದು ಹೆಂಡತಿಗೆ ಗೊತ್ತಾದ ದಿನ ಅವಳು ಪೆರ್ಲದ ತವರಿಗೆ ಹೋದಳು, ಎರಡು ತಿಂಗಳು ಬರಲಿಲ್ಲ. ಸರಿಯೇ ಮಾಡಿದಳು. ಈಗ ಅವಳೂ ಕೌನ್ಸೆಲಿಂಗಿಗೆ ಹೋಗುತ್ತಾಳೆ, ಬೇರೆ ದಿನ, ಬೇರೆ ಬಸ್ಸಿನಲ್ಲಿ.

ತಲಪಾಡಿ ದಾಟಲಾಗದವರಿಗೆ 14416 ಉಂಟು, ಟೆಲಿ-ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಚೀಟಿಯಲ್ಲಿ ಬರೆದು ಕೌಂಟರಿಗೆ ಅಂಟಿಸಿದ್ದೇನೆ. ಇನ್ಸುಲಿನ್ ಫ್ರಿಜ್ಜಿನ ಹಿಂದೆ ಒಂದು ಸ್ಟೂಲೂ ಹಾಕಿದ್ದೇನೆ, ಎಂಟೂವರೆಯ ನಂತರ ಬರುವವರಿಗೆಂದು. ಹೆಚ್ಚಿನ ದಿನ ಅದರಲ್ಲಿ ಪಕ್ಕದ ಹೋಟೆಲಿನ ಬೆಕ್ಕು ಮಲಗಿರುತ್ತದೆ. ಯಾರಾದರೂ ಕೆಮ್ಮಿನ ಮಿಠಾಯಿ ಕೇಳಿ ಅಲ್ಲೇ ನಿಂತರೆ ಬೆಕ್ಕನ್ನು ಎಬ್ಬಿಸುತ್ತೇನೆ.