ಟೇಪಿನ ಕೆಳಗೆ ಸ್ವಿಚ್ಚು

ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣ ಇದೆ. ಕಿಟಕಿಯ ಚಿಲಕ ಕೆರೆದದ್ದು. ಪೇಂಟ್ ಮಾಡಿಸಿದ ಮನೆಯವರೆಲ್ಲ ಈ ಕೆಲಸ ಮಾಡಿಯೇ ಇರುತ್ತೀರಿ. ಹಳೇ ಬ್ಲೇಡ್ ಹಿಡಿದು ಕೂರುವುದು, ಸ್ವಿಚ್ ಬೋರ್ಡಿನ ಸ್ಕ್ರೂ, ಬಾಗಿಲಿನ ಬಿಜಾಗರಿ, ಕರ್ಟನ್ ರಾಡು ಅಂತ ಒಂದೊಂದನ್ನೇ ಕೆರೆಯುವುದು. ಗೋಡೆಗೆ ಬಣ್ಣ ಹೊಡೆದವರಿಗೆ ಕೂಲಿ ಉಂಟು. ಗೋಡೆ ಬಿಟ್ಟು ಬೇರೆ ಕಡೆ ಹೊಡೆದ ಬಣ್ಣ ತೆಗೆಯುವವರಿಗೆ ಒಂದು ಲೋಟ ಕಾಫಿ ಕೊಡುವವರೂ ಇಲ್ಲ.

ಮಡಿಕೇರಿಯಲ್ಲಿ ಮನಸ್ಸು ಬಂದಾಗ ಪೇಂಟ್ ಮಾಡಿಸುವ ಹಾಗಿಲ್ಲ. ವರ್ಷಕ್ಕೆ 100 ಇಂಚಿಗೂ ಜಾಸ್ತಿ ಮಳೆ ಬೀಳುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಮುಟ್ಟಿದರೆ ಕೈ ಒದ್ದೆ. ಬೀರುವಿನ ಹಿಂದೆ ಬೂಷ್ಟು. ತಲಕಾವೇರಿಯಲ್ಲಿ ತೀರ್ಥೋದ್ಭವ ಮುಗಿದು ಸುಗ್ಗಿ ಹಬ್ಬ ಹುತ್ತರಿ ಬರುವುದರೊಳಗೆ ಸಿಗುವ ಬಿಸಿಲಿನಲ್ಲೇ ಎಲ್ಲ ಆಗಬೇಕು. ಆಮೇಲೆ ಕಾಫಿ ಕೊಯ್ಲು, ನೆಂಟರು, ಗಲಾಟೆ. ಹಾಗಾಗಿ ಇಡೀ ಊರಿಗೆ ಒಟ್ಟಿಗೇ ಪೇಂಟರ್ ಬೇಕು. ಸಿಕ್ಕಿದವನೇ ದೇವರು. ದೇವರಿಗೆ ಬುದ್ಧಿ ಹೇಳಲು ಆಗ್ತದಾ?

ನಾನು ಹೇಳಿದೆ. ‘ಅಣ್ಣಾ, ಮೊದಲು ಮೈನ್ ಆಫ್ ಮಾಡಿ ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿಡಿ. ನಾಲ್ಕು ಸ್ಕ್ರೂ ಅಷ್ಟೆ. ಫ್ಯಾನ್ ಇಳಿಸಿಬಿಡಿ. ಬಲ್ಬಿನ ಹೋಲ್ಡರಿಗೆ ಕವರ್ ಕಟ್ಟಿ. ಬಿಜಾಗರಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿದರೆ ಬಣ್ಣ ಹಿಡಿಯುವುದಿಲ್ಲ.’

ಅವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಪೂರ್ತಿ ಕೇಳಿದರು. ‘ಸುಮ್ನೆ ಯಾಕೆ ಅಕ್ಕಾ ಬಿಚ್ಚುವುದು? ಟೇಪ್ ಹಾಕುವ. ಬಿದ್ದರೂ ಹೋಗ್ತದೆ.’

ಈ ‘ಹೋಗ್ತದೆ’ ಸುಳ್ಳೇನಲ್ಲ. ಎಮಲ್ಷನ್ ಹಸಿ ಇರುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗ್ತದೆ. ಎನಾಮಲ್ ಆದರೆ ಥಿನ್ನರ್ ಹಾಕಿದರೆ ಹೋಗ್ತದೆ. ಒರೆಸುವುದು ಯಾರು ಅನ್ನುವುದನ್ನು ಮಾತ್ರ ಅವರು ಹೇಳುವುದಿಲ್ಲ. ನೆಲಕ್ಕೆ ಬಿದ್ದರೂ ಹೋಗ್ತದೆ, ನನ್ನ ಮಾವನ ಮಿಲಿಟರಿ ಫೋಟೋದ ಮೀಸೆಗೆ ಹಾರಿದರೂ ಹೋಗ್ತದೆ.

ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಪೇಂಟರುಗಳ ಬೈಗುಳದಿಂದ. ಅಮೆರಿಕದಲ್ಲಿ ಕಾರಿಗೆ ಎರಡು ಬಣ್ಣ ಹೊಡೆಯುವಾಗ ಅಂಟಿಸಿದ ಟೇಪು ಕೀಳಲು ಹೋದರೆ ಪೇಂಟೇ ಎದ್ದು ಬರುತ್ತಿತ್ತಂತೆ. ಅವರು ಬೈದದ್ದನ್ನು ಕೇಳಿಸಿಕೊಂಡ 3ಎಂ ಕಂಪೆನಿಯ ರಿಚರ್ಡ್ ಡ್ರೂ 1925ರಲ್ಲಿ ಮೆತ್ತಗೆ ಬಿಟ್ಟುಬರುವ ಟೇಪು ಮಾಡಿಕೊಟ್ಟ. ಪಾಪ, ಅವನು ಮಡಿಕೇರಿಯ ಥಂಡಿ ನೋಡಿರಲಿಲ್ಲ. ನಮ್ಮ ಪೇಂಟರನ್ನೂ ನೋಡಿರಲಿಲ್ಲ. ಪೇಂಟ್ ಪೂರ್ತಿ ಒಣಗುವ ಮೊದಲೇ ಟೇಪು ಎಳೆಯಬೇಕು. ಇವರು ಟೇಪು ಹಾಕಿ ನಡುವೆ ಬೇರೆ ಮನೆಯ ಕೆಲಸಕ್ಕೆ ಹೋದರು. ವಾಪಸ್ ಬಂದು ಎಳೆದಾಗ ಹೊಸ ಬಣ್ಣ ಪಟ್ಟಿ ಪಟ್ಟಿಯಾಗಿ ಎದ್ದು ಬಂತು, ಟೇಪಿನ ಗೋಂದು ಮಾತ್ರ ಬೋರ್ಡಿನಲ್ಲೇ ಉಳಿಯಿತು.

ಅದು ಆಮೇಲಿನ ಕಥೆ. ಮೊದಲನೇ ದಿನ ಪೇಪರ್ ಅಂಟಿಸುವ ಕೆಲಸ. ಹಳೇ ‘ಶಕ್ತಿ’ ಪತ್ರಿಕೆಯ ಕಟ್ಟು ಕೊಟ್ಟೆವು. ಅಟ್ಟದಲ್ಲಿ ಇಟ್ಟಿದ್ದು, ಹಳೆಯದೆಂದರೆ ತುಂಬಾ ಹಳೆಯದು. ನಮ್ಮ ಅತ್ತೆ ಪೇಪರ್ ಓದುವುದೇ ನಿಧನದ ಕಾಲಮ್ಮಿನಿಂದ. ಕಿಟಕಿಗೆ ಅಂಟಿಸಿದ ಹಾಳೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತವರು, ‘ಅಯ್ಯೋ, ಇವರು ತೀರಿಕೊಂಡ್ರಾ?’ ಅಂದರು. ‘ಅದು ಯಾವಾಗಿನದೋ ಅತ್ತೆ, ನೀವೇ ತಿಥಿಗೆ ಹೋಗಿ ಬಂದಿದ್ದೀರಿ’ ಅಂದೆ. ‘ಹೌದಾ’ ಅಂತ ಮುಂದಿನ ಹಾಳೆಗೆ ಹೋದರು. ತಲೆಕೆಳಗಾಗಿ ಅಂಟಿಸಿದ್ದನ್ನು ಪೇಂಟರ್ ಕೈಯಲ್ಲೇ ತೆಗೆಸಿ ನೆಟ್ಟಗೆ ಹಾಕಿಸಿದರು.

ಈಗ ಫ್ಯಾನಿನ ವಿಷಯ. ಮಡಿಕೇರಿಯಲ್ಲಿ ಫ್ಯಾನ್ ಇರುವುದು ಗಾಳಿಗಲ್ಲ, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು. ಆ ದಿನ ಪುಟ್ಟಿ ಒಣಗಲಿ ಅಂತ ಪೇಂಟರ್ ಬೆಳಗ್ಗೆಯೇ ಫ್ಯಾನ್ ಹಾಕಿದ್ದರು, ಫುಲ್ ಸ್ಪೀಡಿನಲ್ಲಿ. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ನಿಂತ ಫ್ಯಾನು ಆಫ್ ಆದ ಫ್ಯಾನು ಅಂತ ಅವರ ಲೆಕ್ಕ. ರೆಕ್ಕೆಗಳಿಗೆ ಪ್ಲಾಸ್ಟಿಕ್ ಸುತ್ತಿದರು. ಒಂದಕ್ಕೆ ಜವಳಿ ಅಂಗಡಿಯ ಕವರ್, ಇನ್ನೊಂದಕ್ಕೆ ಬೇಕರಿಯದು, ಮೂರನೆಯದಕ್ಕೆ ಗೊಬ್ಬರದ ಚೀಲದ ಒಳಗಿನದು. ಸ್ವಿಚ್ ಬೋರ್ಡಿನ ಮೇಲೆ ಎರಡು ಹಾಳೆ ಪೇಪರ್ ಮಡಚಿಟ್ಟು ಸುತ್ತಲೂ ಟೇಪು. ಇಷ್ಟು ಚೆಂದ ಅವರು ಬೇರೆ ಯಾವುದನ್ನೂ ಮುಚ್ಚಿರಲಿಲ್ಲ. ಆಮೇಲೆ ಸೀಲಿಂಗಿಗೆ ರೋಲರ್ ಎಳೆದರು. ತೊಟ್ಟಿಕ್ಕಿದ ಬಣ್ಣವೆಲ್ಲ ಪ್ಲಾಸ್ಟಿಕ್ಕಿನ ಮಡಿಕೆಗಳಲ್ಲಿ ನಿಂತಿತು. ಅವರು ಟೀ ಕುಡಿಯಲು ಜಗಲಿಗೆ ಬಂದರು. ಎಷ್ಟಾಯಿತು ಅಂತ ನೋಡಲು ನಾವೆಲ್ಲ ಒಳಗೆ ಹೋದೆವು.

ಕರೆಂಟ್ ಬಂತು.

ಮೊದಲ ಸುತ್ತು ಮೆಲ್ಲಗೆ. ಗೊಬ್ಬರದ ಪ್ಲಾಸ್ಟಿಕ್ ಪಟಪಟ ಅಂತು. ಎಂತ ಸದ್ದು ಅಂತ ಅತ್ತೆ ತಲೆ ಎತ್ತಿದರು. ಅಷ್ಟರಲ್ಲಿ ನಾಲ್ಕೂ ಗೋಡೆಗೆ, ಬೀರುವಿನ ಕನ್ನಡಿಗೆ, ನಮ್ಮ ಮುಖಕ್ಕೆ ಒಟ್ಟಿಗೇ ಸಿಂಪರಣೆ. ‘ಆಫ್ ಮಾಡಿ, ಆಫ್ ಮಾಡಿ’ ಅಂತ ಎಲ್ಲರೂ ಕೂಗುವವರೇ. ಮಾಡುವುದು ಎಲ್ಲಿ? ಸ್ವಿಚ್ಚು ‘ಶಕ್ತಿ’ಯ ಕೆಳಗಿದೆ. ನಮ್ಮ ಯಜಮಾನರು ಟೇಪಿನ ತುದಿ ಹುಡುಕಿ ಉಗುರಲ್ಲಿ ಕೆರೆಯತೊಡಗಿದರು. ಟೇಪಿನ ತುದಿ ಸಮಾಧಾನದಲ್ಲಿ ಹುಡುಕಿದರೇ ಸಿಗುವುದಿಲ್ಲ, ಬಣ್ಣದ ಮಳೆಯಲ್ಲಿ ಸಿಗ್ತದಾ? ಪೇಪರ್ ಹರಿಯಿರಿ ಅಂದೆ. ಹರಿದರು. ಕೆಳಗೆ ಇನ್ನೊಂದು ಪೇಪರ್. ನಾನು ಮೈನ್ ಸ್ವಿಚ್ಚಿಗೆ ಓಡಿದೆ. ಅದರ ಮುಂದೆ ಈ ಕೋಣೆಯಿಂದ ಹೊರಗೆ ಹಾಕಿದ ಮಂಚ, ಹಾಸಿಗೆ, ಹಾಸಿಗೆಯ ಮೇಲೆ ಪುಸ್ತಕದ ರಾಶಿ. ಜವಳಿ ಅಂಗಡಿಯ ಕವರ್ ರೆಕ್ಕೆ ಬಿಟ್ಟು ಹಾರಿ ಅತ್ತೆಯ ಹೆಗಲ ಮೇಲೆ ಕೂತಿತು. ಪೇಂಟರ್ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಲೋಟವನ್ನು ಮಾತ್ರ ಅಂಗೈಯಲ್ಲಿ ಮುಚ್ಚಿಕೊಂಡಿದ್ದರು.

ಕೊನೆಗೆ ಕರೆಂಟೇ ಹೋಯಿತು. ಕರೆಂಟ್ ಹೋದದ್ದಕ್ಕೆ ನಾನು ಕೈ ಮುಗಿದದ್ದು ಅದೇ ಮೊದಲು.

‘ಗೋಡೆದು ಬಿಡಿ ಅಕ್ಕಾ, ಹೇಗೂ ಪೇಂಟ್ ಆಗ್ತದೆ’ ಅಂದರು ಪೇಂಟರ್. ‘ಉಳಿದದ್ದು ಹೋಗ್ತದೆ.’ ಉಳಿದದ್ದರಲ್ಲಿ ಅತ್ತೆಯೂ ಸೇರಿದ್ದರು.

ಒಂದು ವಿಷಯಕ್ಕೆ ಮಾತ್ರ ಅವರಿಗೆ ನಾನು ಪೂರ್ತಿ ಬೈಯಲಾರೆ. ಕಿಟಕಿ ಪಕ್ಕದ ಸೀಲಿಂಗಿನಲ್ಲಿ ಒಂದು ಕಬ್ಬಿಣದ ಕೊಕ್ಕೆ ಇದೆ. ಮಗಳ ತೊಟ್ಟಿಲು ಕಟ್ಟಿದ್ದು. ಅವಳೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ‘ಇದು ಎಂತಕ್ಕೆ ಅಕ್ಕಾ, ಕತ್ತರಿಸಿ ಪುಟ್ಟಿ ಹಾಕಿಬಿಡ್ಲಾ?’ ಅಂತ ಕೇಳಿದರು. ತೊಟ್ಟಿಲಿನದು ಅಂದೆ. ಒಂದು ಗಳಿಗೆ ಸುಮ್ಮನಿದ್ದು, ಬ್ರಷ್ ಬದಲಾಯಿಸಿ, ಕೊಕ್ಕೆಯ ಬುಡದ ಸುತ್ತ ಕೈ ಅಲುಗಾಡದ ಹಾಗೆ ಗೆರೆ ಎಳೆದರು. ಟೇಪಿಲ್ಲ, ಪೇಪರಿಲ್ಲ. ಕೊಕ್ಕೆಗೆ ಒಂದು ಚುಕ್ಕಿ ಬಿದ್ದಿಲ್ಲ. ಅವರಿಗೆ ಹೀಗೂ ಮಾಡಲು ಬರ್ತದೆ ಅಂತ ಗೊತ್ತಾದ ಮೇಲೆ ಕಿಟಕಿಯ ಚಿಲಕ ನೋಡಿದರೆ ಸಿಟ್ಟು ಇನ್ನೂ ಜಾಸ್ತಿ.

ಫ್ಯಾನಿನ ಚುಕ್ಕಿಗಳು ಹೋಗಲಿಲ್ಲ. ಬ್ಲೇಡ್ ಹಾಕಿದರೆ ಫ್ಯಾನಿನ ಸ್ವಂತ ಬಣ್ಣವೇ ಏಳುತ್ತದೆ. ಆದರೆ ತಿರುಗುವಾಗ ಏನೂ ಕಾಣಿಸುವುದಿಲ್ಲ. ಹುತ್ತರಿಗೆ ನೆಂಟರು ಬಂದಾಗ ಹಾಕಿಯೇ ಇಟ್ಟೆವು. ನಾದಿನಿ ಶಾಲು ಹೊದ್ದು ಮುದುಡಿ ಕೂತು, ‘ಈ ಚಳಿಯಲ್ಲಿ ಫ್ಯಾನ್ ಯಾಕೆ ಅತ್ತಿಗೆ?’ ಅಂದಳು.

‘ನಿನ್ನ ಅಣ್ಣನಿಗೆ ಶೆಕೆ ಆಗ್ತದಂತೆ’ ಅಂದೆ. ಸ್ವೆಟರ್ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಇವರು ಹೌದು ಅಂತ ತಲೆಯಾಡಿಸಿದರು.