ಆನೆ ಹುಲ್ಲು ಬಡಿಯುವಷ್ಟು ಹೊತ್ತು

ಕಳೆದ ಬೇಸಿಗೆಯಲ್ಲಿ ರಜೆಗೆ ಊರಿಗೆ ಬಂದಾಗ ಸಫಾರಿಗೆ ಹೋಗಿದ್ದೆ. ಕಬಿನಿ ಹಿನ್ನೀರು ಇಳಿದ ಜಾಗದಲ್ಲಿ ಹಸಿ ಹುಲ್ಲು ಎದ್ದಿತ್ತು. ಒಂದು ಹೆಣ್ಣಾನೆ ಅದನ್ನು ಕೀಳುತ್ತಿತ್ತು. ಸೊಂಡಿಲಲ್ಲಿ ಒಂದು ಹಿಡಿ ಸುತ್ತಿಕೊಳ್ಳುವುದು, ಮುಂಗಾಲಿನ ಉಗುರಿನಿಂದ ಬುಡಕ್ಕೆ ಒದೆಯುವುದು, ಕಿತ್ತು ಬಂದದ್ದನ್ನು ಕಾಲಿಗೆ ಪಟಪಟ ಬಡಿದು ಮಣ್ಣು ಉದುರಿಸುವುದು, ಆಮೇಲೆ ಬಾಯಿಗೆ. ಆನೆಗೆ ಜೀವಮಾನದಲ್ಲಿ ದವಡೆ ಹಲ್ಲು ಬರುವುದು ಆರು ಸಲ ಮಾತ್ರ. ಮಣ್ಣು ತಿಂದರೆ ಹಲ್ಲು ಬೇಗ ಸವೆಯುತ್ತದೆ. ಪಕ್ಕದಲ್ಲಿದ್ದ ಮರಿಯೂ ಹಾಗೇ ಮಾಡಲು ಹೋಯಿತು. ಹುಲ್ಲು ಸೊಂಡಿಲಿನಿಂದ ಜಾರಿತು, ಒದ್ದ ಕಾಲು ಬರೀ ಮಣ್ಣಿಗೆ ತಾಗಿತು. ಮತ್ತೆ ಹಿಡಿಯಿತು.

ಅಷ್ಟರಲ್ಲಿ ಎಲ್ಲೋ ಹುಲಿ ಕಂಡಿದೆ ಅಂತ ಸುದ್ದಿ ಬಂತು. ಜೀಪು ಹೊರಟೇಬಿಟ್ಟಿತು. ಆ ಮರಿಗೆ ಕೊನೆಗೂ ಹುಲ್ಲು ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಾಗಲೇ ಇಲ್ಲ. ಇವತ್ತಿಗೂ ಆ ಬೇಜಾರು ಹೋಗಿಲ್ಲ.

ನಾನಿರುವುದು ನೈರೋಬಿಯಲ್ಲಿ. ಬಿಡುವಾದರೆ ಕೀನ್ಯಾದ ಅಂಬೋಸೆಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತೇನೆ. ಅಲ್ಲಿ 1972ರಲ್ಲಿ ಸಂಶೋಧಕಿ ಸಿಂಥಿಯಾ ಮಾಸ್ ಶುರು ಮಾಡಿದ ಆನೆಗಳ ಅಧ್ಯಯನ ಇನ್ನೂ ನಡೆಯುತ್ತಿದೆ. ಕಿವಿಯಂಚಿನ ಹರಕು, ತೂತು ನೋಡಿ ಒಂದೊಂದು ಆನೆಯನ್ನೂ ಗುರುತಿಸುತ್ತಾರೆ. ಅದರ ಗಾಳಿ ಗಾಡಿ ಓಡಿಸುವವರಿಗೂ ತಾಗಿದೆ. ನನ್ನನ್ನು ಕರೆದೊಯ್ಯುವವರು ಒಂದು ಹಿಂಡಿನ ಮುಂದೆ ನಿಲ್ಲಿಸಿದರೆ ಅರ್ಧ ಗಂಟೆ ಅಲ್ಲಾಡುವುದಿಲ್ಲ. ಇವಳು ಅಜ್ಜಿ, ಅವಳು ಮಗಳು ಅಂತ ಮನೆಯವರ ಪರಿಚಯ ಮಾಡಿಸಿದ ಹಾಗೆ ಹೇಳುತ್ತಾರೆ.

ಒಂದು ಸಂಜೆ ಹೀಗೆ ನಿಂತಿದ್ದಾಗ ಮೇಯುತ್ತಿದ್ದ ಆನೆಗಳೆಲ್ಲ ಒಮ್ಮೆಲೇ ಸ್ತಬ್ಧವಾದವು. ಕಿವಿ ಬೀಸುವುದೂ ನಿಂತಿತು. ಅಜ್ಜಿ ಸೊಂಡಿಲ ತುದಿ ಎತ್ತಿ ಗಾಳಿ ಮೂಸಿದಳು. ಮರಿಗಳು ಸದ್ದಿಲ್ಲದೆ ದೊಡ್ಡವರ ಕಾಲುಗಳ ನಡುವೆ ಸೇರಿಕೊಂಡವು. ಸ್ವಲ್ಪ ಹೊತ್ತಾದ ಮೇಲೆ ನಮಗೂ ಕೇಳಿಸಿತು, ದೂರದಲ್ಲಿ ದನಗಾಹಿಗಳ ಮಾತು. ಇಲ್ಲಿನ ಆನೆಗಳು ದನ ಕಾಯುವ ಮಸಾಯಿ ಗಂಡಸರ ದನಿಯನ್ನು ಬೇಸಾಯ ಮಾಡುವ ಕಾಂಬಾ ಜನರ ದನಿಯಿಂದ ಬೇರೆ ಮಾಡಿ ಗುರುತಿಸುತ್ತವೆ, ಹೆಂಗಸರ, ಮಕ್ಕಳ ದನಿಗೆ ಅಷ್ಟು ಹೆದರುವುದಿಲ್ಲ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಎರಡು ನಿಮಿಷಕ್ಕೇ ಹೊರಟಿದ್ದರೆ ನಾನು ಇದನ್ನು ನೋಡುತ್ತಲೇ ಇರಲಿಲ್ಲ.

ಕೀನ್ಯಾದಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಮಸಾಯಿ ಮಾರಾದಲ್ಲಿ ಒಂದು ಚೀತಾ ಸುತ್ತ ಗಾಡಿಗಳ ಜಾತ್ರೆಯೇ ಸೇರುತ್ತದೆ. ಹಗಲಲ್ಲೇ ಬೇಟೆಯಾಡುವ ಪ್ರಾಣಿ ಪಾಪ, ಏನು ಮಾಡಬೇಕು?

ನಮ್ಮಲ್ಲಿ ಬೇರೆ ಒಂದು ವಿದ್ಯೆ ಇದೆ. ದಟ್ಟ ಕಾಡು, ಹತ್ತು ಮಾರು ಆಚೆ ಏನೂ ಕಾಣಲ್ಲ. ಹಾಗಾಗಿ ನಾಗರಹೊಳೆಯ ಹಳೇ ಕೈಗಳು ಕಿವಿಯಲ್ಲೇ ಕಾಡು ನೋಡುತ್ತಾರೆ. ಜಿಂಕೆ ಬೆದರಿ ಕೂಗಿದರೆ ಇನ್ನೂ ಕಾಯುತ್ತಾರೆ, ಕಡವೆಯ ಎಚ್ಚರಿಕೆಯ ಕೂಗು ಹೆಚ್ಚು ನಂಬಿಕೆಯದ್ದು, ಅದು ಕೇಳಿದರೆ ಎಂಜಿನ್ ಆಫ್. ಮುಸುವ ಮರದ ಮೇಲಿಂದ ಯಾವ ಕಡೆ ನೋಡಿ ಕೆಮ್ಮುತ್ತಿದೆ ಅನ್ನುವುದರಲ್ಲೇ ಚಿರತೆ ಎಲ್ಲಿದೆ ಅಂತ ಹೇಳಿಬಿಡುತ್ತಾರೆ. ಇಷ್ಟು ಗೊತ್ತಿರುವವರನ್ನು ನಾವು ಫೋನ್ ಸುದ್ದಿಯ ಹಿಂದೆ ಓಡಿಸುತ್ತಿದ್ದೇವೆ. ಹುಲಿ ಕಾಣದಿದ್ದರೆ ಮುಖ ಸಿಂಡರಿಸುವವರು ನಾವೇ ಅಲ್ವಾ? ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಎಷ್ಟು ಹುಲಿಗಳಿವೆ ಅಂತ ಅಂದಾಜು ಮಾಡಬಹುದು ಅಂತ, ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ತೋರಿಸಿದ್ದು ಇದೇ ನಾಗರಹೊಳೆಯಲ್ಲಿ. ಅಷ್ಟು ತಾಳ್ಮೆ ಕಂಡ ಕಾಡು ಅದು. ಒಂದು ಸಫಾರಿಯಲ್ಲಿ ಒಂದೇ ಒಂದು ಹಿಂಡಿನ ಜೊತೆ ಪೂರ್ತಿ ಕೂರುತ್ತೇವೆ ಅನ್ನುವವರಿಗೆ ಬೇರೆ ಜೀಪು ಕೊಟ್ಟರೆ ಎಷ್ಟು ಚೆನ್ನ! ಕೇಳಿದರೆ ನಾನಂತೂ ಮೊದಲು ಹೆಸರು ಬರೆಸುತ್ತೇನೆ.

ಹೋದ ತಿಂಗಳು ಅಂಬೋಸೆಲಿಯಲ್ಲಿ ವರ್ವೆಟ್ ಕೋತಿಗಳು ಗಲಾಟೆ ಎಬ್ಬಿಸಿದವು. ನಾಗರಹೊಳೆಯ ಅಭ್ಯಾಸ, ಗಾಡಿ ನಿಲ್ಲಿಸಿ ಅಂದೆ. ಈ ಕೋತಿಗಳು ಚಿರತೆಗೆ ಒಂದು ಕೂಗು, ಹದ್ದಿಗೆ ಒಂದು, ಹಾವಿಗೆ ಒಂದು ಇಟ್ಟುಕೊಂಡಿವೆ. ಯಾವುದೂ ಮರ ಹತ್ತಲಿಲ್ಲ, ಮೇಲೆ ನೋಡಲಿಲ್ಲ. ಹಿಂಗಾಲ ಮೇಲೆ ನೆಟ್ಟಗೆ ನಿಂತು ಹುಲ್ಲಿನೊಳಗೆ ಇಣುಕುತ್ತಿದ್ದವು. ಹಾವೇ ಇರಬೇಕು ಅಂದೆ. ಡ್ರೈವರ್ ಹೌದೆನ್ನುವಂತೆ ತಲೆಯಾಡಿಸಿದರು. ಹಾವು ನಮಗೆ ಕಾಣಲಿಲ್ಲ. ಹುಲ್ಲು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಅಲ್ಲಾಡುತ್ತಾ ಹೋಯಿತು. ಕೋತಿಗಳ ತಲೆಗಳೆಲ್ಲ ಅದರ ಜೊತೆಗೇ ತಿರುಗುತ್ತಾ ಹೋದವು.